ಒಡೆಯನ ಲೆಕ್ಕದಲ್ಲಿ ಒಕ್ಕಲಿನ ಹೆಸರು

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಗೇಣಿ ರೈತನ ಮಗ. ತಂದೆ ಒಡೆಯನೊಡನೆ ನಡೆದ ವ್ಯಾಜ್ಯವನ್ನು ಗೆದ್ದ ಬೆನ್ನಿಗೇ 1784ರಲ್ಲಿ ತೀರಿಕೊಂಡ. 1788ರಲ್ಲಿ ಕವಿ ತಾನೇ ಎಲಿಸ್‌ಲ್ಯಾಂಡ್ ಎಂಬ ಜಮೀನನ್ನು ಗೇಣಿಗೆ ಹಿಡಿದ. ಮೊದಲ ಮೂರು ವರ್ಷ ವರ್ಷಕ್ಕೆ 50 ಪೌಂಡು, ಅನಂತರ 70 ಪೌಂಡು ಎಂದು ಕರಾರು. ಬೇಸಾಯ ಕೈಹಿಡಿಯಲಿಲ್ಲ, 1791ರಲ್ಲಿ ಜಮೀನು ಬಿಟ್ಟುಕೊಟ್ಟ. ಅವನು ಕವಿಯಾದ್ದರಿಂದ ಈ ವಿವರಗಳೆಲ್ಲ ನಮಗೆ ಸುಲಭವಾಗಿ ಸಿಗುತ್ತವೆ. ಅವನಂತೆಯೇ ಪರರ ನೆಲ ಉತ್ತು, ಒಂದು ಸಾಲನ್ನೂ ಬರೆಯದೆ ಮಡಿದವರ ಕಥೆ ಏನು? ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ನೆಲೆಸಿರುವ ಅವರ ವಂಶಜರು ತಮ್ಮ ಹಿರಿಯರನ್ನು ಎಲ್ಲಿ ಹುಡುಕಬೇಕು?

ಸರ್ಕಾರಿ ದಾಖಲೆಗಳು ಬಹಳ ಹಿಂದಕ್ಕೆ ಹೋಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ವಿವಾಹಗಳ ಕಡ್ಡಾಯ ನೋಂದಣಿ ಆರಂಭವಾದದ್ದು 1855ರಲ್ಲಿ. ಜನರ ಹೆಸರುಗಳನ್ನು ವ್ಯವಸ್ಥಿತವಾಗಿ ಬರೆದುಕೊಂಡ ಮೊದಲ ಜನಗಣತಿ 1841ರದು. ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಹೈಲ್ಯಾಂಡ್ಸ್ ಎಂಬ ಗುಡ್ಡಗಾಡಿನ ಅನೇಕ ಪ್ಯಾರಿಷ್‌ಗಳಲ್ಲಿ ಅವು ತಡವಾಗಿ ಆರಂಭವಾದವು, ಕೆಲವು ಕಳೆದೇಹೋದವು. ಜಮೀನಿನ ಹಕ್ಕುಪತ್ರಗಳನ್ನು ದಾಖಲಿಸುವ ಸಸೀನ್ ಎಂಬ ರಿಜಿಸ್ಟರು 1617ರಿಂದಲೇ ಇದೆ, ನಿಜ. ಆದರೆ ಅದು ಒಡೆತನದ ದಾಖಲೆ. ಉಳುವವನಿಗೆ ಅದರಲ್ಲಿ ಜಾಗವಿಲ್ಲ. ಅವನ ಹೆಸರು ಯಾರಿಗೆ ಬೇಕಿತ್ತೋ ಅವರ ಬಳಿ ಮಾತ್ರ ಉಳಿಯಿತು. ಬೇಕಿದ್ದದ್ದು ಗೇಣಿ ವಸೂಲು ಮಾಡುವ ಜಮೀನ್ದಾರನಿಗೆ.

ಜಮೀನ್ದಾರರ ದಫ್ತರಗಳಲ್ಲಿ ಮುಖ್ಯವಾದದ್ದು 'ರೆಂಟಲ್' ಎಂಬ ಗೇಣಿ ಲೆಕ್ಕದ ಪುಸ್ತಕ. ಯಾವ ಜಮೀನು, ಯಾರು ಒಕ್ಕಲು, ಎಷ್ಟು ಕೊಡಬೇಕು, ಎಷ್ಟು ಬಾಕಿ ಎಂಬುದನ್ನು 'ಫ್ಯಾಕ್ಟರ್' ಎಂಬ ಪಾರುಪತ್ಯಗಾರ ಬರೆದಿಡುತ್ತಿದ್ದ. ಗೇಣಿ ಬರೀ ಹಣವಲ್ಲ; ಓಟ್ಸ್ ಹಿಟ್ಟು, ಬಾರ್ಲಿ, ಕೋಳಿ, ಇಷ್ಟು ದಿನದ ಬಿಟ್ಟಿ ಚಾಕರಿ ಎಲ್ಲವೂ ಅದರಲ್ಲಿ ಸೇರಿದ್ದವು. ಇದರ ಜೊತೆಗೆ 'ಟ್ಯಾಕ್' ಎಂಬ ಗೇಣಿ ಕರಾರುಗಳು. 19 ವರ್ಷದ ಅವಧಿ ಸಾಮಾನ್ಯವಾಗಿತ್ತು. ಹಣದ ಅಂಕಿ ನೋಡಿ ಮೋಸಹೋಗಬಾರದು: ಹಳೆಯ ಲೆಕ್ಕಗಳಲ್ಲಿ 12 ಸ್ಕಾಟ್ಸ್ ಪೌಂಡು ಒಂದು ಇಂಗ್ಲಿಷ್ ಪೌಂಡಿಗೆ ಸಮ.

ಈ ಪುಸ್ತಕಗಳನ್ನು ವರ್ಷದಿಂದ ವರ್ಷಕ್ಕೆ ಸಾಲಾಗಿ ಓದಬೇಕು. ಒಂದು ವರ್ಷ ಒಕ್ಕಲಿನ ಹೆಸರಿರುತ್ತದೆ. ಮುಂದಿನ ವರ್ಷ ಅದೇ ಜಾಗದಲ್ಲಿ 'ಅವನ ವಿಧವೆ' ಎಂದಿರುತ್ತದೆ. ಕೆಲವು ವರ್ಷಗಳ ಮೇಲೆ ಮಗನ ಹೆಸರು ಬರುತ್ತದೆ. ಸಾವಿನ ನೋಂದಣಿ ಇಲ್ಲದಿದ್ದರೂ ಸಾವಿನ ಕಾಲ ಹೀಗೆ ಸಿಕ್ಕಿತು. ಆದರೆ ಒಂದೇ ಹೆಸರಿನವರು ಒಂದೇ ಕಣಿವೆಯಲ್ಲಿ ಹಲವರಿರುತ್ತಾರೆ. ಒಡೆಯನಿಂದ ದೊಡ್ಡ ಜಮೀನು ಹಿಡಿದು ಇತರರಿಗೆ ಹಂಚುತ್ತಿದ್ದ 'ಟ್ಯಾಕ್ಸ್‌ಮನ್' ಇದ್ದ ಕಡೆ ಅವನ ಹೆಸರಷ್ಟೇ ಇರುತ್ತದೆ. ಒಳಗೇಣಿದಾರರು, ಗುಡಿಸಲಿನ ಕೂಲಿಗಳು ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

ಕೆಲವು ಕಡೆ ಅದೃಷ್ಟ ಚೆನ್ನಾಗಿದೆ. 1745ರ ದಂಗೆಯಲ್ಲಿ ಸೋತ ಜಮೀನ್ದಾರರ ಎಸ್ಟೇಟುಗಳಲ್ಲಿ ಹಲವನ್ನು 1752ರ ಕಾನೂನಿನಂತೆ ಸರ್ಕಾರ ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. 1784ರಲ್ಲಿ ಹಿಂದಿರುಗಿಸುವವರೆಗೆ ಅಧಿಕಾರಿಗಳು ಬರೆದ ವರದಿಗಳು ಉಳಿದಿವೆ. ಬ್ರೆಡಾಲ್ಬೇನ್ ಅರ್ಲ್‌ಗೆ ಸೇರಿದ ಟೇ ಸರೋವರದ ದಂಡೆಯ ಜಮೀನುಗಳ ಸರ್ವೆ 1769ರಲ್ಲಿ ನಡೆಯಿತು. ಆರ್ಗೈಲ್ ಡ್ಯೂಕ್‌ನ ಎಸ್ಟೇಟಿನಲ್ಲಿ 1779ರಲ್ಲಿ ನಿವಾಸಿಗಳ ಪಟ್ಟಿಯನ್ನೇ ತಯಾರಿಸಲಾಯಿತು. ಇದು 1841ರ ಜನಗಣತಿಗಿಂತ 62 ವರ್ಷ ಹಿಂದಿನದು.

ಆದರೆ ಇವೆಲ್ಲ ಒಡೆಯನ ಕಡೆಯವರು ಬರೆದದ್ದು. ಸದರ್ಲೆಂಡ್ ಎಸ್ಟೇಟಿನಲ್ಲಿ ಕುರಿ ಸಾಕಣೆ ಲಾಭವೆಂದು ಕಣಿವೆಗಳ ಒಕ್ಕಲೆಬ್ಬಿಸಿದರು. 1814ರಲ್ಲಿ ಸ್ಟ್ರಾತ್‌ನೇವರ್‌ನ ಜನರನ್ನು ಹೊರಹಾಕಿಸಿದ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್, ಅಲ್ಲಿನ ಕುರಿ ಜಮೀನನ್ನು ಗೇಣಿಗೆ ಪಡೆದವನೂ ಹೌದು. 1816ರಲ್ಲಿ ಇನ್ವರ್ನೆಸ್‌ನಲ್ಲಿ ವಿಚಾರಣೆ ನಡೆದು ಅವನು ಖುಲಾಸೆಯಾದ. ಇಂಥ ಕಡೆ ಲೆಕ್ಕದ ಪುಸ್ತಕದಲ್ಲಿ ಹೆಸರುಗಳ ಸಾಲು ಅಳಿಸಿಹೋಗಿ ಒಬ್ಬನೇ ಗೇಣಿದಾರ ಉಳಿಯುತ್ತಾನೆ. ಹೊರಬಿದ್ದವರು ಎಲ್ಲಿ ಹೋದರೆಂಬುದನ್ನು ಪುಸ್ತಕ ಹೇಳಬೇಕಾಗಿರಲಿಲ್ಲ.

ಅಂಥ ಒಕ್ಕಲುಗಳ ಮಾತಿಗೆ ಸರ್ಕಾರ ವ್ಯಾಪಕವಾಗಿ ಕಿವಿಗೊಟ್ಟದ್ದು 1883ರಲ್ಲಿ, ನೇಪಿಯರ್ ಆಯೋಗದ ಮುಂದೆ. ಅದರ ಅಧ್ಯಕ್ಷ ಲಾರ್ಡ್ ನೇಪಿಯರ್ 1866ರಿಂದ 1872ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು. 1886ರ ಕ್ರಾಫ್ಟರ್ಸ್ ಕಾಯ್ದೆ ಸಣ್ಣ ಒಕ್ಕಲುಗಳಿಗೆ ಭೂಮಿಯ ಭದ್ರತೆಯನ್ನೂ ನ್ಯಾಯವಾದ ಗೇಣಿಯನ್ನೂ ಕೊಟ್ಟಿತು.

ಹುಡುಕುವವರು ಮೊದಲು ತಿಳಿಯಬೇಕಾದದ್ದು ಪೂರ್ವಜನ ಹೆಸರಿಗಿಂತ ಅವನ ಜಮೀನಿನ ಹೆಸರು. ಆಮೇಲೆ ಅದರ ಒಡೆಯ ಯಾರೆಂಬುದು. 1855ರಿಂದ ಆರಂಭವಾದ ಮೌಲ್ಯಮಾಪನ ಪಟ್ಟಿಗಳು ಇದಕ್ಕೆ ನೆರವಾಗುತ್ತವೆ. ಒಡೆಯ ತಿಳಿದರೆ ಅವನ ಕಾಗದಪತ್ರಗಳ ಜಾಡು ಸಿಗುತ್ತದೆ. ಅನೇಕ ಮನೆತನಗಳ ಪತ್ರಗಳು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿವೆ. ಸದರ್ಲೆಂಡ್ ಪತ್ರಗಳು ರಾಷ್ಟ್ರೀಯ ಗ್ರಂಥಾಲಯದಲ್ಲಿ, ಆರ್ಗೈಲ್ ಪತ್ರಗಳು ಇನ್ವರೇರಿಯಲ್ಲಿ ಇವೆ. ಖಾಸಗಿಯವರ ಬಳಿ ಏನಿದೆಯೆಂದು ಪಟ್ಟಿಮಾಡುವ ಕೆಲಸ 1946ರಿಂದ ನಡೆಯುತ್ತಿದೆ. ಗೇಣಿ ಬಾಕಿಯ ಲೆಕ್ಕಕ್ಕೆಂದು ಬರೆದ ಒಂದು ಸಾಲು, ಎಷ್ಟೋ ಕುಟುಂಬಗಳಿಗೆ ತಮ್ಮ ಹಿರಿಯ ಬದುಕಿದ್ದನೆಂಬುದಕ್ಕೆ ಉಳಿದಿರುವ ಒಂದೇ ಸಾಕ್ಷಿ.