ಮಾತ್ರೆ ಅಗ್ಗವಾದ ಮೇಲೂ ಉಳಿದ ಬಿಲ್ಲು

ಡಯಾಲಿಸಿಸ್ ಘಟಕದಲ್ಲಿ ‘ಸಿ ಪಾಸಿಟಿವ್’ ಎಂದರೆ ಸಾಕು, ಮತ್ತೆ ವಿವರಣೆ ಬೇಕಿಲ್ಲ. ಹೆಪಟೈಟಿಸ್ ಸಿ ಅಂಟಿದವರಿಗೆ ಬಹಳ ಕಡೆ ಬೇರೆ ಯಂತ್ರ, ಬೇರೆ ಪಾಳಿ. ಆ ಯಂತ್ರ ಖಾಲಿ ಇಲ್ಲವೆಂದರೆ ಬೇರೆ ಊರಿನ ಆಸ್ಪತ್ರೆ. ಮೂತ್ರಪಿಂಡ ಕೈಕೊಟ್ಟವರ ಈ ಸೋಂಕಿಗೆ ಆಗುವ ಖರ್ಚಿನ ಚರ್ಚೆ ಮಾತ್ರೆಯ ಬೆಲೆಯ ಸುತ್ತಲೇ ಗಿರಕಿ ಹೊಡೆದಿದೆ. ರೋಗಿಯ ದುಡ್ಡು ಸೋರಿಹೋದದ್ದು ಬಹುಪಾಲು ಬೇರೆಡೆ.

ಅಮೆರಿಕದ ಕೈರಾನ್ ಕಂಪನಿಯಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ವೈರಾಣುವನ್ನು ಗುರುತಿಸಿದ್ದು 1989ರಲ್ಲಿ. ಮುಂದಿನ ಎರಡು ದಶಕ ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲ. 1998ರಿಂದ ಅದಕ್ಕೆ ರೈಬಾವಿರಿನ್ ಜೊತೆಯಾಯಿತು. ಬೇರೆಯವರಿಗೇ ತಡೆಯಲಾಗದ ಈ ಜೋಡಿ ಕಿಡ್ನಿ ರೋಗಿಗಳಿಗೆ ಶಿಕ್ಷೆಯಾಗಿತ್ತು. ರೈಬಾವಿರಿನ್ ಮೂತ್ರದಲ್ಲಿ ಹೊರಹೋಗಬೇಕು. ಆ ದಾರಿ ಮುಚ್ಚಿದರೆ ಮೈಯಲ್ಲೇ ನಿಂತು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೊದಲೇ ರಕ್ತಹೀನತೆ ಇರುವವರು. ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಚುಚ್ಚುಮದ್ದಿನ ಪ್ರಮಾಣ ಏರಿಸಬೇಕು, ರಕ್ತ ಏರಿಸಬೇಕು, ಪ್ರತಿಯೊಂದಕ್ಕೂ ಬೇರೆ ಬಿಲ್ಲು. ಕಸಿಯಾದವರಿಗೆ ಇಂಟರ್‌ಫೆರಾನ್ ಕೊಟ್ಟರೆ ಹೊಸ ಕಿಡ್ನಿಯನ್ನೇ ದೇಹ ತಿರಸ್ಕರಿಸುವ ಭಯ. ಹಾಗಾಗಿ ಎಷ್ಟೋ ವೈದ್ಯರು ಚಿಕಿತ್ಸೆಯ ಗೊಡವೆಗೇ ಹೋಗಲಿಲ್ಲ. ಲೆಕ್ಕಪತ್ರದಲ್ಲಿ ಅದು ಉಳಿತಾಯ; ವರ್ಷಗಳ ನಂತರ ಸಿರೋಸಿಸ್ ಎಂಬ ಹೆಸರಿನಲ್ಲಿ ಲಿವರ್ ವಿಭಾಗದ ಖಾತೆಗೆ ಬಂದು ಬೀಳುವ ಉಳಿತಾಯ.

2013ರ ಡಿಸೆಂಬರ್‌ನಲ್ಲಿ ಗಿಲಿಯಡ್ ಕಂಪನಿಯ ಸೊಫೊಸ್ಬುವಿರ್ ಬಂತು. ಹನ್ನೆರಡು ವಾರಕ್ಕೆ 84,000 ಡಾಲರ್, ಮಾತ್ರೆಗೆ ಸಾವಿರ. ಕಂಪನಿ ಆದಾಯವನ್ನೇ ಮುಂದಿಟ್ಟುಕೊಂಡು ಬೆಲೆ ಕಟ್ಟಿತೆಂದು ಅಮೆರಿಕದ ಸೆನೆಟ್ ಹಣಕಾಸು ಸಮಿತಿಯ 2015ರ ವರದಿ ಹೇಳಿತು. ಅಷ್ಟರಲ್ಲಿ ಭಾರತದ ಕಥೆ ಬೇರೆಯಾಗಿತ್ತು. 2014ರಲ್ಲಿ ಗಿಲಿಯಡ್ ಇಲ್ಲಿನ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್ ಮೊದಲ ಕಂತಿನಲ್ಲಿತ್ತು, ಬಯೋಕಾನ್ ಆಮೇಲೆ ಸೇರಿತು. 2015ರಲ್ಲಿ 28 ಮಾತ್ರೆಗಳ ಡಬ್ಬಿ ಸುಮಾರು 20 ಸಾವಿರ ರೂಪಾಯಿಗೆ ಸಿಕ್ಕಿತು. ಪೈಪೋಟಿಯಲ್ಲಿ ಇನ್ನೂ ಇಳಿಯಿತು.

ಆದರೆ ಕಿಡ್ನಿ ತೀವ್ರವಾಗಿ ಕುಸಿದವರಿಗೆ ಸೊಫೊಸ್ಬುವಿರ್ ಶಿಫಾರಸಾಗಿರಲಿಲ್ಲ. ಮದ್ದಿನ ಅವಶೇಷ ಹೊರಹೋಗುವುದು ಕಿಡ್ನಿಯ ಮೂಲಕ, ಆರಂಭದ ಪ್ರಯೋಗಗಳಲ್ಲಿ ಇಂಥ ರೋಗಿಗಳನ್ನು ಸೇರಿಸಿಕೊಂಡಿರಲಿಲ್ಲ. ಅವರಿಗೆಂದೇ ಪರೀಕ್ಷಿಸಿದ ಎಲ್ಬಾಸ್ವಿರ್–ಗ್ರಾಜೊಪ್ರೆವಿರ್ ಜೋಡಿ 2015ರಲ್ಲಿ ಒಳ್ಳೆಯ ಫಲಿತಾಂಶ ಕೊಟ್ಟರೂ ಅದು ಮುಖ್ಯವಾಗಿ ವೈರಾಣುವಿನ ಒಂದನೇ ಜೀನೋಟೈಪಿಗೆ, ಅಂದರೆ ಒಳತಳಿಗೆ, ಸಲ್ಲುವ ಮದ್ದು. ಭಾರತದಲ್ಲಿ ಹೆಚ್ಚು ಕಾಣುವುದು ಮೂರನೆಯದು. 2017ರಲ್ಲಿ ಪ್ರಕಟವಾದ ಎಕ್ಸ್‌ಪೆಡಿಶನ್-4 ಅಧ್ಯಯನದಲ್ಲಿ ಗ್ಲೆಕಾಪ್ರೆವಿರ್–ಪಿಬ್ರೆಂಟಾಸ್ವಿರ್ ಪಡೆದ 104 ಮಂದಿಯಲ್ಲಿ ಶೇ 98ರಷ್ಟು ಗುಣವಾದರು. ಎಲ್ಲ ಜೀನೋಟೈಪಿಗೂ ನಡೆಯುವ ಮದ್ದದು. ಇಲ್ಲಿನ ನೆಫ್ರಾಲಜಿಸ್ಟ್‌ಗಳು ಮಾತ್ರ ಕೈಲಿದ್ದ ಸೊಫೊಸ್ಬುವಿರನ್ನೇ ಅರ್ಧ ಮಾತ್ರೆ, ದಿನ ಬಿಟ್ಟು ದಿನ, ಆಮೇಲೆ ಧೈರ್ಯ ಬಂದಂತೆ ಪೂರ್ಣ ಮಾತ್ರೆ ಎಂದು ಕೊಡುತ್ತ ಬಂದರು. ಅಮೆರಿಕದ ಎಫ್‌ಡಿಎ ಡಯಾಲಿಸಿಸ್ ರೋಗಿಗಳಿಗೆ ಅದನ್ನು ಒಪ್ಪಿದ್ದು 2019ರ ಕೊನೆಗೆ. ಬಡದೇಶದ ಅನಿವಾರ್ಯ ಇಲ್ಲಿ ನಿಯಮಕ್ಕಿಂತ ಮುಂದೆ ನಡೆದಿತ್ತು ಎಂದೇ ನನ್ನ ಎಣಿಕೆ.

2018ರ ಜುಲೈನಲ್ಲಿ ಭಾರತದಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತವಾದವು. ಇನ್ನು ಖರ್ಚೆಲ್ಲಿ? ಪ್ರತಿಕಾಯ ಪರೀಕ್ಷೆ ಗುಣವಾದ ಮೇಲೂ ಸಾಮಾನ್ಯವಾಗಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಆ ಕಾಗದ ಮಾತ್ರ ನೋಡುವ ಘಟಕದಲ್ಲಿ ವಾಸಿಯಾದವರೂ ಬೇರೆ ಯಂತ್ರಕ್ಕೇ ಹೋಗಬೇಕು. ರೋಗನಿರೋಧಕ ಶಕ್ತಿ ಕುಗ್ಗಿದ ಕೆಲವು ಡಯಾಲಿಸಿಸ್ ರೋಗಿಗಳಲ್ಲಿ ಸೋಂಕಿದ್ದೂ ಪ್ರತಿಕಾಯ ಹುಟ್ಟುವುದಿಲ್ಲ. ಎರಡಕ್ಕೂ ವೈರಾಣುವನ್ನೇ ಹುಡುಕುವ, ಕಾರ್ಯಕ್ರಮದ ಹೊರಗೆ ದುಬಾರಿಯಾದ ಆರ್‌ಎನ್‌ಎ ಪರೀಕ್ಷೆಯೇ ಗತಿ. ಯಂತ್ರ ಪ್ರತ್ಯೇಕಿಸುವುದು ಬೇಡವೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಕೆಡಿಗೊ ಹೇಳಿದೆ. ವೈರಾಣು ಹರಡುವುದು ಹೆಚ್ಚಾಗಿ ಬದಲಿಸದ ಕೈಗವಸಿನಿಂದ, ಹಲವರಿಗೆ ಬಳಸಿದ ಹೆಪಾರಿನ್ ಸೀಸೆಯಿಂದ. ಆದರೆ ಕೈಗವಸು ಬದಲಿಸುತ್ತಾರೆಂಬ ಖಾತ್ರಿ ಇಲ್ಲದಲ್ಲಿ ಯಂತ್ರ ಬೇರೆ ಮಾಡುವುದೇ ಸುಲಭವೆನಿಸುತ್ತದೆ; ಅದರ ಬೆಲೆ ತೆರುವವರು ಬಸ್ಸು ಹಿಡಿದು ವಾರಕ್ಕೆ ಎರಡು–ಮೂರು ಸಲ ಬರುವ ರೋಗಿಗಳು.

ಈಚೆಗೆ ಲೆಕ್ಕ ಇನ್ನೊಂದು ದಿಕ್ಕಿಗೂ ತಿರುಗಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸೋಂಕಿತ ದಾನಿಗಳ ಕಿಡ್ನಿಯನ್ನು ಸೋಂಕಿಲ್ಲದವರಿಗೆ ಕಸಿಮಾಡಿ, ಬಂದ ವೈರಾಣುವನ್ನು ಮಾತ್ರೆಯಿಂದ ತೊಲಗಿಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಬಿಸಾಡುತ್ತಿದ್ದ ಕಿಡ್ನಿಗೆ ಬೆಲೆ ಬಂತು. ಅಲ್ಲೀಗ ಕಾಯುವ ಪಟ್ಟಿಯಲ್ಲಿರುವ ಸೋಂಕಿತರಿಗೆ ಚಿಕಿತ್ಸೆ ಕಸಿಗೆ ಮೊದಲೋ ಆಮೇಲೋ ಎಂದು ಚರ್ಚಿಸುತ್ತಾರೆ. ಆಮೇಲೆ ಎಂದರೆ ಸೋಂಕಿತ ಕಿಡ್ನಿಗೂ ಒಪ್ಪಿ ಬೇಗ ಕಸಿ ಮಾಡಿಸಿಕೊಳ್ಳಬಹುದು. ದಾನಿಗಳು ಹೆಚ್ಚಾಗಿ ತಾಯಿ, ಹೆಂಡತಿ, ಒಡಹುಟ್ಟಿದವರೇ ಆಗಿರುವ ನಮ್ಮಲ್ಲಿ ಕಸಿಯ ದಿನ ಮೊದಲೇ ಗೊತ್ತಿರುತ್ತದೆ. ಹನ್ನೆರಡು ವಾರದ ಮಾತ್ರೆ ಮುಗಿಸಿಕೊಂಡೇ ಶಸ್ತ್ರಚಿಕಿತ್ಸೆಗೆ ಹೋಗಬಹುದು.