ಮಗ್ಗದಿಂದ ಬಂದ ಬೇಲಿ

ಮನೆ ಏಳುವುದಕ್ಕೆ ಮೊದಲೇ ಏಳುವುದು ಬೇಲಿ. ಬಯಲುಸೀಮೆಯವರಿಗೆ ಕಳ್ಳಿ, ಕತ್ತಾಳೆಗಳ ಬೇಲಿ ಗೊತ್ತು. ಮಲೆನಾಡಿನವರಿಗೆ ಅಗಳು, ಗೂಟದ ಬೇಲಿ, ದಣಪೆಗಳು ಗೊತ್ತು. ಇವೆಲ್ಲ ಆಯಾ ನೆಲದಲ್ಲಿಯೇ ಸಿಕ್ಕ ಸಾಮಗ್ರಿಯಿಂದ ಆದವು. ಈಗಲಾದರೋ ದೆಹಲಿಯ ಸರಕಾರಿ ಕ್ವಾರ್ಟರ್ಸಿನ ಪಾರ್ಕಿಗೂ, ಹುಬ್ಬಳ್ಳಿಯ ಗೋದಾಮಿಗೂ, ತುಮಕೂರಿನ ತೆಂಗಿನ ತೋಟಕ್ಕೂ ಒಂದೇ ಬೇಲಿ: ಡೈಮಂಡು ಕಣ್ಣಿನ ತಂತಿಯ ಜಾಲರಿ, ಅಂದರೆ ಚೈನ್ ಲಿಂಕ್. ಇಷ್ಟು ಸಾಮಾನ್ಯವಾದ ಈ ವಸ್ತುವಿಗೂ ಒಂದು ಇತಿಹಾಸವಿದೆ.

ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ನಾರ್ವಿಚ್ ಪಟ್ಟಣವು ಶತಮಾನಗಳ ಕಾಲ ಉಣ್ಣೆ ಬಟ್ಟೆಯ ನೇಯ್ಗೆಗೆ ಹೆಸರಾಗಿತ್ತು. 19ನೆಯ ಶತಮಾನದಲ್ಲಿ ಯಾರ್ಕ್‌ಷೈರಿನ ಗಿರಣಿಗಳ ಪೈಪೋಟಿಯಿಂದ ಅಲ್ಲಿನ ನೇಕಾರಿಕೆ ಸೊರಗಿತು. ಅದೇ ಊರಿನಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರಿಯಾಗಿದ್ದ ಚಾರ್ಲ್ಸ್ ಬರ್ನಾರ್ಡ್ ಎಂಬವನು, ನೂಲಿನ ಬದಲು ತಂತಿಯನ್ನೇ ನೇಯ್ದರೇನು ಎಂದು ಯೋಚಿಸಿದ. ಬಟ್ಟೆಯ ಮಗ್ಗದ ಮಾದರಿಯನ್ನು ಅನುಸರಿಸಿ 1844ರಲ್ಲಿ ತಂತಿ ಜಾಲರಿ ನೇಯುವ ಯಂತ್ರವೊಂದನ್ನು ರೂಪಿಸಿದ. ಇಂದಿನ ಚೈನ್ ಲಿಂಕ್ ಬೇಲಿಯ ವಂಶಾವಳಿಯನ್ನು ಈ ಯಂತ್ರದಿಂದಲೇ ಎಣಿಸುವುದು ವಾಡಿಕೆ. ಒಂದು ಕಸುಬು ಅಳಿಯುವಾಗಲೂ ಅದರ ವಿದ್ಯೆ ಅಳಿಯಬೇಕಾಗಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಆದರೆ ತಂತಿಯನ್ನು ನೇಯ್ದರೆ ಸಾಲದು. ಮಳೆಗೆ ಅದು ತುಕ್ಕು ಹಿಡಿಯಬಾರದು. ಇದಕ್ಕೆ ಉಪಾಯವನ್ನು ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಂಡುಕೊಂಡಿದ್ದ. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ 1837ರಲ್ಲಿ ಅವನು ಪೇಟೆಂಟ್ ಪಡೆದ. ಸತುವು ಕರಗುವುದು ಸುಮಾರು 420 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಇದರ ಮರ್ಮ ಬರಿಯ ಲೇಪನದಲ್ಲಿಲ್ಲ. ಸತುವು ಕಬ್ಬಿಣಕ್ಕಿಂತ ಚುರುಕಾದ ಲೋಹ. ಆದುದರಿಂದ ಎಲ್ಲಾದರೂ ಗೀರು ಬಿದ್ದರೂ ಮೊದಲು ಸತುವು ಸವೆದು ಕಬ್ಬಿಣವನ್ನು ಕಾಯುತ್ತದೆ. ಅಂಗಡಿಯಲ್ಲಿ ನಾವು ಕೇಳುವ 'ಜಿ.ಐ. ತಂತಿ' ಇದೇ.

ಇಂಗ್ಲೆಂಡಿನಲ್ಲಿ ತಂತಿ ನೇಯುತ್ತಿದ್ದ ಕಾಲದಲ್ಲಿಯೇ ನಮ್ಮ ದೇಶದಲ್ಲಿ ಬೇರೊಂದು ಬೇಲಿ ಬೆಳೆಯುತ್ತಿತ್ತು. ರಾಜಸ್ಥಾನದ ಕಡೆಯಿಂದ ತೆರಿಗೆ ತಪ್ಪಿಸಿ ಬರುವ ಉಪ್ಪನ್ನು ತಡೆಯಲು ಆಂಗ್ಲ ಸರಕಾರವು ಒಂದು ಸುಂಕದ ಗಡಿ ಹಾಕಿತು. 1869ರ ಹೊತ್ತಿಗೆ ಅದು ಸಿಂಧೂ ನದಿಯ ಕಡೆಯಿಂದ ಮಹಾನದಿಯವರೆಗೆ ಸುಮಾರು 2,300 ಮೈಲಿ ಹಬ್ಬಿತ್ತು. ಕಾವಲಿಗೆ ಸುಮಾರು 12,000 ಜನ. ಅದರ ಬಹುಭಾಗ ಮುಳ್ಳುಬೇಲಿ. ಜಾಲಿ, ಕವಳೆ, ಬೋರೆ, ಪಾಪಾಸುಕಳ್ಳಿಗಳನ್ನು ಮೈಲಿಗಟ್ಟಲೆ ನೆಟ್ಟು ಬೆಳೆಸಿದರು. ಆ ಹಸಿರು ಬೇಲಿಯನ್ನು ಮುತುವರ್ಜಿಯಿಂದ ಬೆಳೆಸಿದ ಸುಂಕದ ಕಮಿಷನರ್ ಅಲನ್ ಆಕ್ಟೇವಿಯನ್ ಹ್ಯೂಮ್. 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದವರೂ ಅವರೇ! ಉಪ್ಪಿನ ಮೂಲಗಳನ್ನೇ ಸರಕಾರ ಕೈವಶ ಮಾಡಿಕೊಂಡು, ಪ್ರಾಂತಗಳ ತೆರಿಗೆ ದರಗಳನ್ನು ಹತ್ತಿರ ತಂದ ಮೇಲೆ 1879ರಲ್ಲಿ ಈ ಗಡಿಯನ್ನು ಕೈಬಿಟ್ಟರು. ಬಡವನ ಗಂಜಿಯ ಉಪ್ಪಿಗೆ ಅಡ್ಡ ನಿಂತಿದ್ದ ಬೇಲಿ ಜನರ ನೆನಪಿನಿಂದಲೇ ಮಾಯವಾಯಿತು. ರಾಯ್ ಮಾಕ್ಸ್‌ಹ್ಯಾಮ್ ಎಂಬ ಆಂಗ್ಲ ಲೇಖಕರು ಅದರ ಕುರುಹು ಹುಡುಕಿ ಅಲೆದು 2001ರಲ್ಲಿ ಒಂದು ಪುಸ್ತಕ ಪ್ರಕಟಿಸಿದ ಮೇಲೆಯೇ ನಮ್ಮಲ್ಲಿ ಅನೇಕರಿಗೆ ಅದರ ಸುದ್ದಿ ತಿಳಿದದ್ದು.

ಅಮೆರಿಕೆಯ ಬಯಲುಗಳಲ್ಲಿ ಮರವೂ ಕಡಿಮೆ, ಕಲ್ಲೂ ಕಡಿಮೆ. ದನಗಳನ್ನು ತಡೆಯಲು ಅಲ್ಲಿಯ ರೈತರು ಮುಳ್ಳುಗಿಡ ಬೆಳೆಸಿ ನೋಡಿದರು. ಕೊನೆಗೆ ಇಲಿನಾಯ್ ರಾಜ್ಯದ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್, ಎರಡು ತಂತಿಗಳನ್ನು ಹೊಸೆದು ನಡುವೆ ಮುಳ್ಳು ಜಾರದಂತೆ ಹಿಡಿಸಿ, 1874ರ ನವೆಂಬರ್ 24ರಂದು ಪೇಟೆಂಟ್ ಪಡೆದ. ಮುಳ್ಳುತಂತಿ ಅಗ್ಗವೇನೋ ಹೌದು. ಆದರೆ ಅದು ದನದ ಮೈಯನ್ನೂ ಮಗುವಿನ ಕೈಯನ್ನೂ ಒಂದೇ ಸಮನೆ ಸೀಳುತ್ತದೆ. ಮನೆ, ಶಾಲೆ, ಆಟದ ಮೈದಾನಗಳ ಸುತ್ತ ಜಾಲರಿ ಬೇಲಿ ಮೆಚ್ಚುಗೆಯಾದುದಕ್ಕೆ ಇದೂ ಒಂದು ಕಾರಣ. ಗಾಳಿ ಬೆಳಕಿಗೆ ಅಡ್ಡಿಯಿಲ್ಲ, ಯಾರಿಗೂ ಗಾಯವಿಲ್ಲ, ಒಳಗಿನವರು ಹೊರಗಿನವರನ್ನು ಕಾಣಬಹುದು.

ಅದರ ರಚನೆಯೂ ಜಾಣತನದ್ದು. ಪ್ರತಿಯೊಂದು ತಂತಿಯೂ ಚಪ್ಪಟೆ ಸುರುಳಿಯಾಗಿ ಹೊರಬಂದು, ಹಿಂದಿನ ತಂತಿಯೊಳಕ್ಕೆ ತಿರುಪಿನಂತೆ ಹೊಕ್ಕುತ್ತದೆ. ಒಂದು ತಂತಿ ಕೆಟ್ಟರೆ ಅದೊಂದನ್ನೇ ತಿರುಗಿಸಿ ತೆಗೆದು ಬೇರೆ ಹಾಕಬಹುದು. ಎರಡು ಸುರುಳಿಕಟ್ಟುಗಳನ್ನು ಒಂದೇ ತಂತಿಯಿಂದ ಜೋಡಿಸಬಹುದು. ನಮ್ಮ ದೇಶದಲ್ಲಿ ಇದಕ್ಕೆ ಐ.ಎಸ್. 2721 ಎಂಬ ಮಾನಕವೇ ಇದೆ. ಆದರೆ ಜಾಲರಿಗೆ ಸ್ವಂತ ಬಿಗಿಯಿಲ್ಲ ಎಂಬುದನ್ನು ಹಾಕಿಸುವವರು ಮರೆಯಬಾರದು. ಎಂಟು ಹತ್ತು ಅಡಿಗೊಂದು ಕಂಬ, ಮೂಲೆಯ ಕಂಬಕ್ಕೆ ಓರೆಯಾದ ಆಸರೆ, ಬುಡಕ್ಕೆ ಕಾಂಕ್ರೀಟು, ಮೇಲೆ ನಡುವೆ ಕೆಳಗೆ ಎಳೆದು ಕಟ್ಟಿದ ತಂತಿ, ಇವಿಷ್ಟಿದ್ದರೆ ಬೇಲಿ ನಿಲ್ಲುತ್ತದೆ. ಮೂಲೆಯ ಕಂಬ ವಾಲಿತೆಂದರೆ ಇಡೀ ಸಾಲು ಜೋಲುತ್ತದೆ.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ಹೊಟ್ಟೆಪಾಡಿಗೆ ಹೊರನಾಡಿಗೆ ಬಂದ ನಮ್ಮಲ್ಲಿ ಅನೇಕರು, ನಿವೃತ್ತಿಯ ಮೇಲೆ ಊರಿಗೆ ಮರಳುವ ಆಸೆಯಿಂದ ಅಲ್ಲೊಂದು ನಿವೇಶನ ಕೊಂಡಿಟ್ಟಿರುತ್ತಾರೆ. 'ಬೇಲಿ ಹಾಕಿಸಿದ್ದೇವಲ್ಲ' ಎಂದು ನೆಮ್ಮದಿಯಿಂದ ವರ್ಷಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ. ಬೇಲಿ ಹಕ್ಕುಪತ್ರವಲ್ಲ. 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಬೇರೊಬ್ಬರು ನಮ್ಮ ಹಕ್ಕಿಗೆ ವಿರುದ್ಧವಾಗಿ ಅನುಭವದಲ್ಲಿದ್ದರೆ, ಹನ್ನೆರಡು ವರ್ಷಗಳೊಳಗೆ ನಾವು ದಾವೆ ಹೂಡದಿದ್ದಲ್ಲಿ ಜಾಗದ ಮೇಲಿನ ಹಕ್ಕೇ ಕಳೆದುಹೋಗಬಹುದು. ಆದ್ದರಿಂದ ಜಮೀನಾದರೆ ಮೊದಲು ಹದ್ದುಬಸ್ತು ಮಾಡಿಸಿ ಬಾಂದುಕಲ್ಲು ಗುರುತಿಸಿಕೊಳ್ಳಬೇಕು. ನಿವೇಶನವಾದರೆ ನಕ್ಷೆಯಂತೆ ಅಳತೆ ಮಾಡಿಸಬೇಕು. ಕಂಬ ನೆಡುವುದು ಆಮೇಲೆ. ಪಕ್ಕದವರನ್ನು ಎದುರಿಗೆ ನಿಲ್ಲಿಸಿಕೊಂಡೇ ಅಳೆಸಿದರೆ ಇನ್ನೂ ಒಳ್ಳೆಯದು. ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿ, ತೆರಿಗೆ ಕಟ್ಟಿದ ರಸೀತಿಗಳನ್ನು ಜೋಪಾನವಾಗಿಡಬೇಕು.

ಹನ್ನೆರಡು ಸಾವಿರ ಕಾವಲುಗಾರರಿದ್ದ ಬೇಲಿಯೇ ಉಳಿಯಲಿಲ್ಲ. ನಮ್ಮ ಮೂವತ್ತು ನಲವತ್ತರ ನಿವೇಶನದ ತಂತಿಯನ್ನು ಕಾಯುವವರು ಯಾರು? ಬೇಲಿಯಾಚೆಯಿಂದ ಒಂದು ಕಣ್ಣಿಡುವ ಪಕ್ಕದ ಮನೆಯವರೇ ಅಲ್ಲವೆ? ಊರಿಗೆ ಹೋದಾಗ ಅವರ ಮನೆಗೂ ಹೋಗಿ, ಕ್ಷೇಮ ಸಮಾಚಾರ ವಿಚಾರಿಸಿ ಬರುವುದನ್ನು ಮರೆಯದಿರೋಣ.