ನಾಲ್ಕು ಮೈಕ್ರೋಸ್ಕೋಪ್, ಒಂದು ಪತ್ರ: ಹಂಚಿಕೊಂಡ ಯಂತ್ರಗಳ ಕಥೆ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಯೂನಿವರ್ಸಿಟಿಗೆ ಹತ್ತಾರು ಕೋಟಿ ರೂಪಾಯಿಯ ಒಂದು ಮೈಕ್ರೋಸ್ಕೋಪ್ ಬೇಕು. ಅಷ್ಟು ದುಡ್ಡನ್ನ ಯಾರು ಕೊಡ್ತಾರೆ? ಕೊಟ್ಟಮೇಲೆ ಅದನ್ನ ಯಾರು ಬಳಸ್ತಾರೆ? ಇದು ಇವತ್ತಿನ ತಲೆನೋವು ಅನ್ನಿಸಬಹುದು. ಆದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಹುಟ್ಟಿದ ದಿನದಿಂದಲೂ ಈ ಜಗಳ ಇದೆ. ಇವತ್ತು ಆ ಕಥೆ.

1931, ಬರ್ಲಿನ್. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎರ್ನ್ಸ್ಟ್ ರುಸ್ಕಾ ಅನ್ನೋ ಯುವ ಇಂಜಿನಿಯರ್, ತನ್ನ ಹಿರಿಯ ಮ್ಯಾಕ್ಸ್ ನೋಲ್ ಜೊತೆ ಸೇರಿ ಬೆಳಕಿನ ಬದಲು ಎಲೆಕ್ಟ್ರಾನ್‌ಗಳಿಂದ ಚಿತ್ರ ಮೂಡಿಸುವ ಯಂತ್ರ ಕಟ್ಟಿದ. 1933ರಲ್ಲಿ ಅವನ ಮುಂದಿನ ಯಂತ್ರ ಬೆಳಕಿನ ಮೈಕ್ರೋಸ್ಕೋಪ್‌ನ ಮಿತಿಯನ್ನೇ ದಾಟಿತು. ಆ ಮಿತಿ ಏನು ಅಂದ್ರೆ, ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರ ಇರೋ ಎರಡು ಚುಕ್ಕೆಗಳು ಬೆಳಕಿನಲ್ಲಿ ಒಂದೇ ಚುಕ್ಕೆಯ ಹಾಗೆ ಕಾಣ್ತವೆ. ಬಹುತೇಕ ವೈರಸ್‌ಗಳು ಅದಕ್ಕಿಂತ ಚಿಕ್ಕವು. ಹಾಗಾಗಿ ಅಲ್ಲಿಯವರೆಗೆ ಯಾರೂ ಅವುಗಳ ಆಕಾರ ಕಂಡಿರಲಿಲ್ಲ.

ಇಷ್ಟು ದೊಡ್ಡ ಸಾಧನೆ, ದುಡ್ಡು ಹರಿದು ಬಂದಿರ್ಬೇಕು ಅಂದ್ಕೊಂಡ್ರಾ? ಇಲ್ಲ. ರುಸ್ಕಾ ಹೊಟ್ಟೆಪಾಡಿಗೆ ಟೆಲಿವಿಷನ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಗೆಳೆಯ ಬೋಡೊ ಫಾನ್ ಬೋರೀಸ್ ಜೊತೆ ಸುಮಾರು ಮೂರು ವರ್ಷ ಹಣಕ್ಕಾಗಿ ಬಾಗಿಲು ತಟ್ಟಿದ. ಕೇಳಿದವರಿಗೆಲ್ಲ ಒಂದೇ ಅನುಮಾನ: ಎಲೆಕ್ಟ್ರಾನ್ ಹೊಡೆತಕ್ಕೆ ಜೀವಕೋಶ ಸುಟ್ಟು ಬೂದಿಯಾಗಲ್ವಾ? ಬೂದಿಯ ಫೋಟೋ ತೆಗೆಯೋಕೆ ಇಷ್ಟೊಂದು ಖರ್ಚು ಯಾಕೆ?

ಇಲ್ಲಿ ಕಥೆಗೆ ಬರೋದು ತಮ್ಮ. ಹೆಲ್ಮುಟ್ ರುಸ್ಕಾ ಡಾಕ್ಟರ್. ಅಣ್ಣನ ಯಂತ್ರ ಭೌತಶಾಸ್ತ್ರದ ಆಟಿಕೆ ಅಲ್ಲ, ರೋಗ ಅರ್ಥ ಮಾಡಿಕೊಳ್ಳೋ ಸಾಧನ ಅಂತ ಅವನಿಗೆ ಅನ್ನಿಸಿತ್ತು. ಅವನು ತನ್ನ ಗುರು, ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಪ್ರೊಫೆಸರ್ ರಿಚರ್ಡ್ ಸೀಬೆಕ್ ಅವರನ್ನ ಒಪ್ಪಿಸಿದ. 1936ರ ಅಕ್ಟೋಬರ್‌ನಲ್ಲಿ ಸೀಬೆಕ್ ಒಂದು ಅಭಿಪ್ರಾಯ ಪತ್ರ ಬರೆದುಕೊಟ್ಟರು. ಕಣ್ಣಿಗೆ ಕಾಣದ ರೋಗಕಾರಕಗಳನ್ನ ಈ ಯಂತ್ರ ತೋರಿಸಿದ್ರೆ ವೈದ್ಯಕೀಯಕ್ಕೆ ಎಷ್ಟು ದೊಡ್ಡ ಲಾಭ ಅನ್ನೋದೇ ಆ ಪತ್ರದ ತಿರುಳು. ಇಂಜಿನಿಯರ್‌ಗಳ ಮಾತಿಗೆ ಬಗ್ಗದ ದುಡ್ಡು ಡಾಕ್ಟರ್ ಮಾತಿಗೆ ಬಗ್ಗಿತು. 1937ರಲ್ಲಿ ಸೀಮೆನ್ಸ್ ಕಂಪನಿ ಬರ್ಲಿನ್‌ನ ಸ್ಪಾಂಡೌದಲ್ಲಿ ಅವರಿಗೆ ಲ್ಯಾಬ್ ಮಾಡಿಕೊಟ್ಟಿತು. 1939ಕ್ಕೆ ಮಾರಾಟಕ್ಕೆ ಸಿದ್ಧವಾದ ಯಂತ್ರ ಹೊರಬಂತು.

ಈಗ ಮುಖ್ಯವಾದ ಘಟನೆ. ಯಂತ್ರ ಬಂತು, ಸರಿ. ಅದನ್ನ ಕೊಳ್ಳೋ ಶಕ್ತಿ ಎಷ್ಟು ಜನ ಜೀವವಿಜ್ಞಾನಿಗಳಿಗೆ ಇತ್ತು? ರುಸ್ಕಾ ತಂಡ ಒಂದು ಸಲಹೆ ಕೊಟ್ಟಿತು: ಕೊಳ್ಳೋಕೆ ಆಗದವರು ಇಲ್ಲಿಗೇ ಬರಲಿ. 1940ರಲ್ಲಿ ಸೀಮೆನ್ಸ್ ನಾಲ್ಕು ಮೈಕ್ರೋಸ್ಕೋಪ್‌ಗಳಿರುವ ‘ಅತಿಥಿ ಪ್ರಯೋಗಾಲಯ’ ತೆರೆಯಿತು. ಹೊರಗಿನ ವಿಜ್ಞಾನಿಗಳು ತಮ್ಮ ಮಾದರಿ ತಂದು ಇಲ್ಲಿ ನೋಡಬಹುದಿತ್ತು. ಉಸ್ತುವಾರಿ ಯಾರದ್ದು ಗೊತ್ತಾ? ತಮ್ಮ ಹೆಲ್ಮುಟ್‌ದು. ಇವತ್ತು ವಿಶ್ವವಿದ್ಯಾಲಯಗಳಲ್ಲಿ ಕಾಣೋ ‘ಶೇರ್ಡ್ ಫೆಸಿಲಿಟಿ’ಯ ಅಜ್ಜ ಅಂದ್ರೆ ಇದೇ ಅನ್ನಬಹುದು. ಆ ಹೊತ್ತಿಗಾಗಲೇ ಹೆಲ್ಮುಟ್ ಮತ್ತು ಸಂಗಡಿಗರು ತಂಬಾಕಿನ ಎಲೆಗೆ ರೋಗ ತರುವ ವೈರಸ್ಸನ್ನ ಚಿತ್ರದಲ್ಲಿ ತೋರಿಸಿದ್ದರು. ಬ್ಯಾಕ್ಟೀರಿಯಾಗಳಿಗೆ ಮುತ್ತುವ ವೈರಸ್‌ಗಳ ಚಿತ್ರವೂ 1940ರಲ್ಲೇ ಬಂತು.

ಒಂದು ಮಾತು ಮುಚ್ಚಿಡಬಾರದು. ಅದು ಹಿಟ್ಲರ್‌ನ ಜರ್ಮನಿ. 1933ರಿಂದಲೇ ಯಹೂದಿ ವಿಜ್ಞಾನಿಗಳನ್ನ ವಿಶ್ವವಿದ್ಯಾಲಯಗಳಿಂದ ಹೊರಗಟ್ಟಲಾಗಿತ್ತು. ಬಾಗಿಲ ಮೇಲೆ ‘ಅತಿಥಿ’ ಅಂತ ಬರೆದಿದ್ರೂ, ಆ ಬಾಗಿಲವರೆಗೆ ಬರೋ ಹಕ್ಕು ಎಲ್ಲರಿಗೂ ಇರಲಿಲ್ಲ. 1944ರಲ್ಲಿ ಬಾಂಬ್ ದಾಳಿಗೆ ಆ ಲ್ಯಾಬ್ ನಾಶವಾಯಿತು.

ಹೆಚ್ಚುಕಮ್ಮಿ ಅದೇ ಸಮಯಕ್ಕೆ ನ್ಯೂಯಾರ್ಕ್‌ಗೆ ಹೋಗೋಣ. ರಾಕ್‌ಫೆಲ್ಲರ್ ಇನ್‌ಸ್ಟಿಟ್ಯೂಟ್ ಅಂದ್ರೆ ದೊಡ್ಡ ಹೆಸರು. ಅಲ್ಲಿ ಆಲ್ಬರ್ಟ್ ಕ್ಲಾಡ್ ಮತ್ತು ಕೀತ್ ಪೋರ್ಟರ್ ಅನ್ನೋ ಇಬ್ಬರಿಗೆ ಇಡೀ ಜೀವಕೋಶವನ್ನೇ ಎಲೆಕ್ಟ್ರಾನ್‌ನಲ್ಲಿ ನೋಡೋ ಆಸೆ. ಆದ್ರೆ ಅವರ ಹತ್ತಿರ ಮೈಕ್ರೋಸ್ಕೋಪೇ ಇಲ್ಲ! ಊರಲ್ಲಿ ಅದು ಇದ್ದದ್ದು ಇಂಟರ್‌ಕೆಮಿಕಲ್ ಅನ್ನೋ ಕಂಪನಿಯಲ್ಲಿ. ಆ ಕಂಪನಿಯ ಕಸುಬು ಮುದ್ರಣದ ಇಂಕು ಮತ್ತು ಬಣ್ಣ. ಅಲ್ಲಿ ಯಂತ್ರ ನಡೆಸ್ತಿದ್ದವರು ಅರ್ನೆಸ್ಟ್ ಫುಲ್ಲಾಮ್. ಪೋರ್ಟರ್ ಕೋಳಿ ಭ್ರೂಣದ ಕೋಶಗಳನ್ನ ತೆಳುವಾಗಿ ಬೆಳೆಸಿದರು, ಫುಲ್ಲಾಮ್ ಚಿತ್ರ ತೆಗೆದರು. 1945ರಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಕೋಶದ ಒಳಗೆ ಕಸೂತಿಯಂಥ ಒಂದು ಜಾಲ ಕಂಡಿತು. ಪಿಯುಸಿಯಲ್ಲಿ ‘ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್’ ಬಾಯಿಪಾಠ ಮಾಡಿದ್ರಲ್ಲ, ಅದೇ ಅದು. ಜೀವಕೋಶ ವಿಜ್ಞಾನದ ಹೊಸ ಯುಗ ಶುರುವಾದದ್ದು ಇಂಕ್ ಕಂಪನಿಯ ಯಂತ್ರದಲ್ಲಿ!

ಇಲ್ಲಿ ಗಮನಿಸಿ: ಆ ಲೇಖನದ ಮೇಲೆ ಫುಲ್ಲಾಮ್ ಹೆಸರೂ ಇದೆ. ಯಂತ್ರ ನಡೆಸಿದವರು ‘ಆಪರೇಟರ್’ ಅಂತ ಮೂಲೆಗೆ ಹೋಗಲಿಲ್ಲ, ಲೇಖಕರಾದರು. ದುಡ್ಡಿನ ಚರ್ಚೆಯಲ್ಲಿ ಎಲ್ಲರೂ ಮೊದಲು ಮರೆಯೋದು ಇಂಥವರನ್ನೇ.

ಮುಂದೆ 1990. ಕೇಂಬ್ರಿಡ್ಜ್‌ನ ರಿಚರ್ಡ್ ಹೆಂಡರ್ಸನ್ ಒಂದು ಪ್ರೋಟೀನ್‌ನ ರಚನೆಯನ್ನ ಪರಮಾಣು ಮಟ್ಟದ ವಿವರದಲ್ಲಿ ತೋರಿಸಿದರು. ಅದಕ್ಕೆ ತಮ್ಮ ಊರಿನ ಯಂತ್ರವಷ್ಟೇ ಸಾಲಲಿಲ್ಲ. ಬರ್ಲಿನ್, ಬರ್ಕ್ಲಿಯ ಯಂತ್ರಗಳೂ, ಅಲ್ಲಿನವರ ಕೈಚಳಕವೂ ಸೇರಿದವು. ಬರ್ಲಿನ್‌ನಲ್ಲಿ ನೆರವಾದ ಫ್ರಿಟ್ಜ್ ಹೇಬರ್ ಸಂಸ್ಥೆಯ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ವಿಭಾಗವನ್ನ ಹಿಂದೆ ಮುನ್ನಡೆಸಿದ್ದವನು ಯಾರು? ನಮ್ಮ ಎರ್ನ್ಸ್ಟ್ ರುಸ್ಕಾನೇ. ರುಸ್ಕಾಗೆ ನೊಬೆಲ್ ಬಂದದ್ದು 1986ರಲ್ಲಿ, 79ನೇ ವಯಸ್ಸಿನಲ್ಲಿ. ತಮ್ಮ ಹೆಲ್ಮುಟ್ 1973ರಲ್ಲೇ ತೀರಿಕೊಂಡಿದ್ದ. ಹೆಂಡರ್ಸನ್‌ಗೆ 2017ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಹಂಚಿಕೊಳ್ಳೋದಕ್ಕೆ 2016ರಲ್ಲಿ ಕೇಂಬ್ರಿಡ್ಜ್ ಇನ್ನೊಂದು ದಾರಿ ಹುಡುಕಿತು. ಐದು ಔಷಧ ಕಂಪನಿಗಳು, ಒಂದು ಸಂಶೋಧನಾಲಯ, ವಿಶ್ವವಿದ್ಯಾಲಯದ ಕೇಂದ್ರ, ಮೈಕ್ರೋಸ್ಕೋಪ್ ತಯಾರಕರು, ಎಲ್ಲ ಸೇರಿ ಒಂದೇ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಳಸೋ ಒಕ್ಕೂಟ ಕಟ್ಟಿದರು. ಮಾರುಕಟ್ಟೆಯಲ್ಲಿ ಒಬ್ಬರ ಮೇಲೊಬ್ಬರು ಬೀಳೋ ಕಂಪನಿಗಳೂ ಯಂತ್ರದ ಮುಂದೆ ಸಾಲಾಗಿ ನಿಂತವು.

ನಮ್ಮಲ್ಲಿ? ಬೆಂಗಳೂರಿನ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ದುಡ್ಡಿನಲ್ಲಿ ರಾಷ್ಟ್ರೀಯ ಕ್ರಯೋ ಮೈಕ್ರೋಸ್ಕೋಪಿ ಕೇಂದ್ರ ಬಂತು. ಹೊರಗಿನ ಸಂಸ್ಥೆಗಳವರೂ ಅಲ್ಲಿ ಸಮಯ ಕೇಳಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ‘ಐ-ಸ್ಟೆಮ್’ ಪೋರ್ಟಲ್‌ಗೆ ಚಾಲನೆ ಸಿಕ್ಕಿತು. ಸರ್ಕಾರಿ ಹಣದಲ್ಲಿ ಕೊಂಡ ಉಪಕರಣ ಯಾವ ಊರಲ್ಲಿ ಇದೆ ಅಂತ ಹುಡುಕಿ, ಬುಕ್ ಮಾಡೋ ವ್ಯವಸ್ಥೆ ಅದು. ಸ್ವಂತ ಯಂತ್ರ ಇಲ್ಲದ ಕಾಲೇಜಿನ ಹುಡುಗಿಯೊಬ್ಬಳಿಗೆ ಇದು ಸಣ್ಣ ವಿಷಯ ಅಲ್ಲ.

ಆದ್ರೆ ಯಂತ್ರ ಕೊಂಡ ಮಾತ್ರಕ್ಕೆ ಕೆಲಸ ಮುಗಿಯಲ್ಲ. ನೆಲ ನಡುಗದ ಕೋಣೆ ಬೇಕು. ಕರೆಂಟ್ ಹೋಗಬಾರದು. ದ್ರವ ಸಾರಜನಕ ತಪ್ಪದೆ ಬರ್ತಿರಬೇಕು. ವರ್ಷ ವರ್ಷ ನಿರ್ವಹಣೆಗೆ ದೊಡ್ಡ ಮೊತ್ತ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಂತ್ರವನ್ನ ಬಲ್ಲ ಒಬ್ಬರು ಕಾಯಂ ಆಗಿ ಅಲ್ಲಿರಬೇಕು. ರಿಬ್ಬನ್ ಕತ್ತರಿಸೋಕೆ ದುಡ್ಡು ಕೊಡೋರು ಸಿಗ್ತಾರೆ, ಐದನೇ ವರ್ಷದ ಸಂಬಳಕ್ಕೆ ಕೊಡೋರು ಸಿಗೋದು ಕಷ್ಟ.

ಹಾಗಾಗಿ ಮುಂದಿನ ಸಲ ‘ನಮ್ಮ ವಿವಿಗೆ ಕೋಟಿಗಟ್ಟಲೆಯ ಹೊಸ ಮೈಕ್ರೋಸ್ಕೋಪ್’ ಅನ್ನೋ ಸುದ್ದಿ ನಿಮ್ಮ ಫೋನಿಗೆ ಬಂದಾಗ ಖುಷಿ ಪಡಿ. ಜೊತೆಗೆ ಮೂರು ಪ್ರಶ್ನೆ ಕೇಳಿ. ಹೊರಗಿನವರಿಗೆ ಬಾಗಿಲು ತೆರೆದಿದೆಯಾ? ಯಂತ್ರ ನಡೆಸೋರು ಯಾರು, ಅವರ ಕೆಲಸ ಕಾಯಮ್ಮಾ? ಐದು ವರ್ಷದ ನಂತರದ ಖರ್ಚು ಯಾರದ್ದು? 1940ರಲ್ಲಿ ಸೀಮೆನ್ಸ್ ನಾಲ್ಕು ಯಂತ್ರ ಇಟ್ಟು ಸುಮ್ಮನಾಗಲಿಲ್ಲ, ಜೊತೆಗೆ ಹೆಲ್ಮುಟ್‌ನನ್ನೂ ಅಲ್ಲಿ ಕೂರಿಸಿತ್ತು.

ಇವತ್ತಿಗೆ ಇಷ್ಟು. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿರೋ ಯಂತ್ರ ಇದ್ರೆ, ಅದರ ಕಥೆ ನಮಗೆ ಬರೆದು ಕಳಿಸಿ. ಮತ್ತೆ ಸಿಗೋಣ.